ಎರೆಹೊಲದಲ್ಲಿ ಹೂತ ಟ್ರೇಲರನ್ನು ಹೊರಗೆಳೆಯುವ ಸರಿಯಾದ ಕ್ರಮ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಬಹುಭಾಗ ಎರೆಭೂಮಿ. ಇಲ್ಲಿ ಮುಂಗಾರಿನಲ್ಲಿ ತೊಗರಿ, ಹೆಸರು, ಉದ್ದು, ಹತ್ತಿ ಹಾಗೂ ಹಿಂಗಾರಿನಲ್ಲಿ ಜೋಳ, ಕಡಲೆ ಬೆಳೆಯುತ್ತಾರೆ. ಭೀಮಾ ಮತ್ತು ಅಮರ್ಜಾ ನದಿಗಳ ನೀರು ಸಿಕ್ಕುವಲ್ಲಿ ಕಬ್ಬು ಬೆಳೆಯುತ್ತದೆ. ಈ ಬೆಳೆಗಳಲ್ಲಿ ಹೆಚ್ಚಿನವು ಇಂದು ಹೊಲದಿಂದ ಹೊರಗೆ ಬರುವುದು ಟ್ರ್ಯಾಕ್ಟರಿಗೆ ಕಟ್ಟಿದ ಟ್ರೇಲರಿನಲ್ಲಿಯೇ. ಹವಳಗಾ, ಭೂಸನೂರುಗಳ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸಿದರೆಂದರೆ ಹೊಲದ ದಾರಿಗಳಲ್ಲಿ ಹಗಲೂ ರಾತ್ರಿಯೂ ಟ್ರೇಲರುಗಳು ಓಡಾಡುತ್ತವೆ. ಆಗ ತಡವಾಗಿ ಒಂದು ಮಳೆ ಬಿದ್ದರೂ ಸಾಕು, ತುಂಬಿದ ಟ್ರೇಲರು ಹೊಲದಲ್ಲಿಯೇ ಹೂತು ನಿಲ್ಲುತ್ತದೆ.

ಹೂತ ಟ್ರೇಲರನ್ನು ಹೊರಗೆಳೆಯುವ ಕೆಲಸಕ್ಕೆ ನಮ್ಮ ಊರುಗಳಲ್ಲಿ ಜನರ ಕೊರತೆಯಿಲ್ಲ, ಅಭಿಪ್ರಾಯಗಳ ಕೊರತೆಯಂತೂ ಇಲ್ಲವೇ ಇಲ್ಲ. ಆದರೆ ಈ ಕೆಲಸದಲ್ಲಿ ಹಗ್ಗ ಹರಿದು ಕಾಲು ಮುರಿಯುವುದುಂಟು, ಟ್ರ್ಯಾಕ್ಟರು ಹಿಂದಕ್ಕೆ ಮಗುಚಿ ಚಾಲಕ ಸಾಯುವುದೂ ಉಂಟು. ಆದುದರಿಂದ ಎಳೆಯುವ ಮೊದಲು ಎಳೆತದ ಲೆಕ್ಕವನ್ನು ತಿಳಿದುಕೊಳ್ಳುವುದು ಅವಶ್ಯ.

ಎರೆಮಣ್ಣಿನ ಗುಣ

ಆಳವಾದ ಎರೆಮಣ್ಣಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಪಾಲು ಜೇಡಿ ಇರುತ್ತದೆ. ಅದರಲ್ಲಿಯೂ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚು. ಇದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಒಣಗಿದಾಗ ಕಲ್ಲಿನಂತಿರುವ ಹೊಲ ಒಂದು ಹದವಾದ ಮಳೆಗೆ ಬೆಣ್ಣೆಯಂತಾಗುತ್ತದೆ. ಹಸಿ ಎರೆಮಣ್ಣು ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡು ಟೈರನ್ನು ನುಣ್ಣಗಿನ ಉರುಳೆಯಂತೆ ಮಾಡುತ್ತದೆ. ಆಗ ಗಾಲಿ ಮುಂದೆ ಹೋಗದೆ ನಿಂತಲ್ಲಿಯೇ ತಿರುಗುತ್ತದೆ. ಹೀಗೆ ತಿರುಗುವ ಗಾಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಮೇಲೆ ಒಣಗಿದಂತೆ ಕಂಡರೂ ಕೆಳಗೆ ಹಲವು ದಿನ ತೇವ ಉಳಿಯುವುದು ಈ ಮಣ್ಣಿನ ಇನ್ನೊಂದು ಗುಣ.

2020ರ ಅಕ್ಟೋಬರಿನಲ್ಲಿ ಸ್ಥಳೀಯ ಮಳೆಯ ಜೊತೆಗೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ ಭೀಮೆಗೆ ಮಹಾಪೂರ ಬಂದು ದಂಡೆಯ ಹೊಲಗಳು ಮುಳುಗಿದ್ದವು. ಅಂತಹ ವರ್ಷಗಳಲ್ಲಿ ಸುಗ್ಗಿ ಹತ್ತಿರ ಬಂದರೂ ಹೊಲ ಗಟ್ಟಿಯಾಗಿರುವುದಿಲ್ಲ.

ಎಷ್ಟು ಎಳೆತ ಬೇಕು?

ಖಾಲಿ ಟ್ರೇಲರಿನ ತೂಕ 2 ಟನ್, ಅದರಲ್ಲಿ ತುಂಬಿದ ಕಬ್ಬು 6 ಟನ್, ಒಟ್ಟು 8 ಟನ್ ಎಂದು ಇಟ್ಟುಕೊಳ್ಳೋಣ. ಇದನ್ನು ಸಮತಟ್ಟಾದ ನೆಲದ ಮೇಲೆ ಎಳೆಯಲು ಬೇಕಾಗುವ ಬಲ ನೆಲದ ಸ್ಥಿತಿಯನ್ನು ಅನುಸರಿಸಿ ಬಹಳ ಬದಲಾಗುತ್ತದೆ. ಅಂದಾಜು ಹೀಗಿದೆ:

ಡಾಂಬರು ರಸ್ತೆಯ ಮೇಲೆ – ಸುಮಾರು 200 ಕಿಲೋ
ಒಣಗಿದ ಗಟ್ಟಿ ಬಂಡಿ ದಾರಿಯಲ್ಲಿ – ಸುಮಾರು 400 ರಿಂದ 600 ಕಿಲೋ
ಮೆತ್ತಗಿನ ಹಸಿ ಹೊಲದಲ್ಲಿ – ಸುಮಾರು 1,600 ರಿಂದ 2,000 ಕಿಲೋ
ಗಾಲಿ ಅಚ್ಚಿನ ಮಟ್ಟಕ್ಕೆ ಹೂತಾಗ – ಸುಮಾರು 8,000 ಕಿಲೋ
ಅಚ್ಚೂ ಕೆಸರಿನಲ್ಲಿ ಮುಳುಗಿದಾಗ – ಸುಮಾರು 16,000 ಕಿಲೋ

ಕೊನೆಯ ಎರಡು ಅಂಕಿಗಳನ್ನು ಓದಿ ಆಶ್ಚರ್ಯಪಡಬೇಕಾಗಿಲ್ಲ. ಕೆಸರಿನಲ್ಲಿ ಸಿಕ್ಕ ವಾಹನಗಳನ್ನು ಹೊರತೆಗೆಯುವುದನ್ನೇ ಕಸಬು ಮಾಡಿಕೊಂಡ ಸೈನ್ಯದ ತುಕಡಿಗಳೂ ಇದೇ ಲೆಕ್ಕ ಹಿಡಿಯುತ್ತವೆ. ಅಮೆರಿಕದ ಸೈನ್ಯದ ಕೈಪಿಡಿಗಳ ಪ್ರಕಾರ ವಾಹನ ಅಚ್ಚಿನ ಮಟ್ಟಕ್ಕೆ ಹೂತರೆ ಹೇರೂ ಸೇರಿ ಅದರ ತೂಕದಷ್ಟು, ಅದಕ್ಕೂ ಮೇಲೆ ಗಾಲಿಯ ಮಡ್ಗಾರ್ಡಿನವರೆಗೆ ಹೂತರೆ ತೂಕದ ಎರಡರಷ್ಟು ಎಳೆತ ಬೇಕು.

ಟ್ರ್ಯಾಕ್ಟರು ಎಷ್ಟು ಎಳೆದೀತು?

45 ಅಶ್ವಶಕ್ತಿಯ, ಎರಡು ಗಾಲಿಗೆ ಮಾತ್ರ ಶಕ್ತಿ ಹೋಗುವ ಸಾಮಾನ್ಯ ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್. ಗಾಲಿಗೆ 30 ಅಶ್ವಶಕ್ತಿ ಮುಟ್ಟಿದರೂ, ಗಂಟೆಗೆ 2 ಕಿ.ಮೀ. ವೇಗದಲ್ಲಿ ಲೆಕ್ಕದ ಪ್ರಕಾರ ಸುಮಾರು 4,000 ಕಿಲೋ ಎಳೆಯುವ ಶಕ್ತಿ ಎಂಜಿನ್ನಿಗೆ ಇದೆ. ಆದರೆ ಟೈರು ನೆಲವನ್ನು ಹಿಡಿಯಬೇಕಲ್ಲ! ಗಟ್ಟಿ ಒಣ ನೆಲದಲ್ಲಿ ಇಂಥ ಟ್ರ್ಯಾಕ್ಟರು ಸುಮಾರು 1,000 ದಿಂದ 1,200 ಕಿಲೋ ಎಳೆದೀತು. ಹಸಿ ಎರೆಯ ಮೇಲೆ ನಿಂತರೆ 400 ರಿಂದ 600 ಕಿಲೋ ಎಳೆಯುವುದೂ ಕಷ್ಟ. ಅಂದರೆ ಎಂಜಿನ್ನಿನ ಶಕ್ತಿ ಮುಗಿಯುವ ಬಹಳ ಮೊದಲೇ ಟೈರಿನ ಹಿಡಿತ ಮುಗಿದಿರುತ್ತದೆ.

ಮೇಲಿನ ಎರಡು ಲೆಕ್ಕಗಳನ್ನು ಕೂಡಿಸಿ ನೋಡಿರಿ. ಅಚ್ಚಿನವರೆಗೆ ಹೂತ ತುಂಬಿದ ಟ್ರೇಲರಿಗೆ 8,000 ಕಿಲೋ ಎಳೆತ ಬೇಕು. ಗಟ್ಟಿ ನೆಲದ ಮೇಲೆ ನಿಂತ ಟ್ರ್ಯಾಕ್ಟರು ಕೊಡುವುದು 1,000 ಕಿಲೋ. ಮೂರು ಟ್ರ್ಯಾಕ್ಟರು ಕಟ್ಟಿದರೂ ಟ್ರೇಲರು ಬರುವುದಿಲ್ಲ. ಹಗ್ಗವೋ ಹುಕ್ಕೋ ಹರಿದು ಬರುತ್ತದೆ. ಇನ್ನು ಕಬ್ಬು ಇಳಿಸಿದರೆ ಉಳಿಯುವುದು 2 ಟನ್. ಗಾಲಿಯ ಮುಂದಿನ ಮಣ್ಣನ್ನು ಇಳಿಜಾರಾಗಿ ಕಡಿದು ಹಲಿಗೆ ಹಾಕಿದರೆ ಹೂತ ಟ್ರೇಲರು ಮತ್ತೆ ಹಸಿ ಹೊಲದ ಮೇಲೆ ಉರುಳುವ ಟ್ರೇಲರಾಗುತ್ತದೆ. ಆಗ ಬೇಕಾಗುವ ಎಳೆತ ಸುಮಾರು 400 ರಿಂದ 500 ಕಿಲೋ ಮಾತ್ರ. ಇಳಿಜಾರನ್ನು ಏರಲು ಇನ್ನಷ್ಟು ಬೇಕಾದರೂ ಒಂದೇ ಟ್ರ್ಯಾಕ್ಟರು ಸಾಕು.

ಇಡೀ ವಿಷಯದ ತಿರುಳು ಇಷ್ಟೇ: ಬಲ ಹೆಚ್ಚಿಸುವುದಕ್ಕಿಂತ ಭಾರ ಇಳಿಸುವುದು ಮೇಲು. ಎತ್ತಿನ ಬಂಡಿಯ ಕಾಲದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಬಂಡಿ ಹೂತರೆ ಮೊದಲು ಚೀಲ ಇಳಿಸಿ, ಸಲಿಕೆಯಿಂದ ಗಾಲಿಯ ಮುಂದೆ ಮಣ್ಣು ತೆಗೆದು, ಆಮೇಲೆ ಗಾಲಿಗೆ ಹೆಗಲು ಕೊಡುತ್ತಿದ್ದರು. ಎತ್ತಿಗೆ ತನ್ನ ಮಿತಿ ಗೊತ್ತು, ಆಗದಿದ್ದರೆ ಅದು ನಿಂತುಬಿಡುತ್ತದೆ. ಟ್ರ್ಯಾಕ್ಟರು ಹಾಗೆ ನಿಲ್ಲುವುದಿಲ್ಲ. ನಿಲ್ಲಿಸುವ ವಿವೇಕ ಚಾಲಕನಲ್ಲಿರಬೇಕು.

ಕಟ್ಟೆಯ ಮೇಲಿನ ಅಭಿಪ್ರಾಯಗಳು

ಚಹಾದಂಗಡಿಯಲ್ಲಿ, ಊರ ಕಟ್ಟೆಯಲ್ಲಿ ಕೆಂಪು ಗಾಡಿಯವರು, ನೀಲಿ ಗಾಡಿಯವರು, ಹಸಿರು ಗಾಡಿಯವರು ಎಂದು ಪಕ್ಷಗಳಿರುವುದನ್ನು ಎಲ್ಲರೂ ನೋಡಿದ್ದೇವೆ. ತನ್ನ ಗಾಡಿಯ ಮೇಲಿನ ಅಭಿಮಾನ ತಪ್ಪಲ್ಲ. ಆದರೆ ಎಳೆತದ ಬಗ್ಗೆ ಅಲ್ಲಿ ಕೇಳಿಬರುವ ಕೆಲವು ಮಾತುಗಳನ್ನು ಪರೀಕ್ಷಿಸಿ ನೋಡಬೇಕು.

“ಹೆಚ್ಚು ಅಶ್ವಶಕ್ತಿಯ ಗಾಡಿ ತಂದರೆ ಬಂದೇ ಬರುತ್ತದೆ.” ಹಿಡಿತವಿಲ್ಲದ ನೆಲದಲ್ಲಿ ಹೆಚ್ಚಿನ ಅಶ್ವಶಕ್ತಿ ಹೆಚ್ಚು ವೇಗವಾಗಿ ಗುಂಡಿ ತೋಡುತ್ತದೆ ಅಷ್ಟೇ. ನೆರವಾಗುವುದು ತೂಕ, ಒಳ್ಳೆಯ ಹಲ್ಲಿನ ಟೈರು ಮತ್ತು ಗಟ್ಟಿ ನೆಲ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಟ್ರ್ಯಾಕ್ಟರು ಹೆಚ್ಚು ಎಳೆಯುತ್ತದೆ ಎಂಬುದು ನಿಜ. ಆದರೆ ಅದಕ್ಕೂ 8 ಟನ್ನಿನ ಎಳೆತ ಆಗದ ಮಾತು.

“ಹಗ್ಗ ಸಡಿಲ ಬಿಟ್ಟು ಓಡಿಬಂದು ಜರ್ಕು ಕೊಡಬೇಕು.” 2 ಟನ್ನಿನ ಟ್ರ್ಯಾಕ್ಟರು ಗಂಟೆಗೆ 5 ಕಿ.ಮೀ. ವೇಗದಲ್ಲಿ ಬಂದು, ಸರಪಳಿ ಬಿಗಿದು 5 ಸೆಂ.ಮೀ.ಯೊಳಗೆ ನಿಂತರೆ ಸರಪಳಿಯ ಮೇಲೆ ಸರಾಸರಿ 4 ಟನ್ನಿನಷ್ಟು ಸೆಳೆತ ಬೀಳುತ್ತದೆ. ವೇಗ ಎರಡರಷ್ಟಾದರೆ ಈ ಸೆಳೆತ ನಾಲ್ಕರಷ್ಟಾಗುತ್ತದೆ. ನಮ್ಮಲ್ಲಿ ಬಳಸುವ ಹಳೆಯ ಸರಪಳಿ, ಬೆಸುಗೆ ಹಾಕಿದ ಹುಕ್ಕು ಇದನ್ನು ತಾಳುವಂಥವಲ್ಲ.

“ಎರಡು ಟ್ರ್ಯಾಕ್ಟರು ಎರಡು ಕಡೆಯಿಂದ ಜಗ್ಗಲಿ.” ಇಬ್ಬರೂ ಒಂದೇ ದಿಕ್ಕಿಗೆ ಎಳೆದರೆ ಮಾತ್ರ ಬಲ ಎರಡರಷ್ಟು. ಇಬ್ಬರ ಹಗ್ಗಗಳ ನಡುವಿನ ಕೋನ 90 ಡಿಗ್ರಿ ಆದರೆ ಬಲ 1.4ರಷ್ಟು, 120 ಡಿಗ್ರಿ ಆದರೆ ಎರಡೂ ಸೇರಿ ಒಂದೇ ಟ್ರ್ಯಾಕ್ಟರಿನಷ್ಟು. ಇಬ್ಬರು ಚಾಲಕರು ಒಂದೇ ಕ್ಷಣಕ್ಕೆ ಕ್ಲಚ್ ಬಿಡುವುದೂ ಅಪರೂಪ. ಆದ್ದರಿಂದ ಇಡೀ ಸೆಳೆತ ಒಬ್ಬೊಬ್ಬರ ಹಗ್ಗದ ಮೇಲೆ ಸರದಿಯಂತೆ ಬೀಳುತ್ತದೆ.

“ಮುಂದೆ ಎದ್ದರೆ ನಾಲ್ಕು ಜನ ಬಾನೆಟ್ಟಿನ ಮೇಲೆ ಕೂಡಲಿ.” ಇದು ಎಲ್ಲಕ್ಕಿಂತ ಅಪಾಯದ ಸಲಹೆ. ಮುಂಭಾಗ ಏಳುತ್ತಿದೆ ಎಂದರೆ ಎಳೆತ ನಿಲ್ಲಿಸಿರಿ ಎಂದು ಟ್ರ್ಯಾಕ್ಟರೇ ಹೇಳುತ್ತಿದೆ ಎಂದರ್ಥ. ಎರಡು ಟ್ರ್ಯಾಕ್ಟರುಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ಜಗ್ಗಿಸುವ ಆಟದಲ್ಲಿ ಇರುವ ಅಪಾಯವೂ ಇದೇ.

ಟ್ರ್ಯಾಕ್ಟರು ಹಿಂದಕ್ಕೆ ಮಗುಚುವುದು ಹೇಗೆ?

ಎಂಜಿನ್ನಿನ ಬಲ ಹಿಂದಿನ ಗಾಲಿಗಳನ್ನು ತಿರುಗಿಸುತ್ತದೆ. ಗಾಲಿಗಳು ಅಲುಗಲಾರದೆ ನಿಂತಾಗ ಅದೇ ಬಲ ಹಿಂದಿನ ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಮೈಯನ್ನೇ ಎತ್ತುತ್ತದೆ. ಹಗ್ಗವನ್ನು ಅಚ್ಚಿಗಿಂತ ಮೇಲೆ ಕಟ್ಟಿದ್ದರೆ ಹಿಂದಿನ ಎಳೆತವೂ ಇದಕ್ಕೆ ಕೂಡಿಕೊಂಡು ಮುಂಭಾಗ ಮೇಲೇಳುತ್ತದೆ. ಹಗ್ಗ ಅಚ್ಚಿಗಿಂತ ಕೆಳಗಿದ್ದರೆ ಅದೇ ಎಳೆತ ಮುಂಭಾಗವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಒಂದು ಗೇಣಿನ ಅಂತರ ಜೀವ ಉಳಿಸಲೂಬಹುದು, ತೆಗೆಯಲೂಬಹುದು.

ಇದಕ್ಕೆ ಸಿಗುವ ಸಮಯವನ್ನು ತಿಳಿದರೆ ಎಚ್ಚರಿಕೆ ತಾನಾಗಿಯೇ ಬರುತ್ತದೆ. ಮುಂಭಾಗ ಏಳಲು ಆರಂಭಿಸಿ ಮುಕ್ಕಾಲು ಸೆಕೆಂಡಿನಲ್ಲಿ ಟ್ರ್ಯಾಕ್ಟರು ಮರಳಿ ಇಳಿಯಲಾರದ ಹಂತ ಮುಟ್ಟಬಲ್ಲದು; ಒಂದೂವರೆ ಸೆಕೆಂಡಿನಲ್ಲಿ ಪೂರ್ತಿ ಮಗುಚಬಲ್ಲದು. ಅಷ್ಟರಲ್ಲಿ ಕ್ಲಚ್ ತುಳಿಯಬೇಕೆಂದು ಹೊಳೆಯುವುದೇ ಕಷ್ಟ. ಬಿಸಿಲಿಗೆಂದು ಹಾಕಿಸಿದ ತಗಡಿನ ಮಾಡು ಈ ಭಾರವನ್ನು ತಡೆಯುವುದಿಲ್ಲ. ಮಗುಚಿದಾಗ ಚಾಲಕನನ್ನು ಕಾಪಾಡಲೆಂದೇ ಮಾಡಿದ ಉಕ್ಕಿನ ಚೌಕಟ್ಟು ಮತ್ತು ಅದರ ಜೊತೆ ಕಟ್ಟಿಕೊಂಡ ಬೆಲ್ಟು ಮಾತ್ರ ರಕ್ಷಣೆ ಕೊಡುತ್ತವೆ. ಹೊಸ ಟ್ರ್ಯಾಕ್ಟರು ಕೊಳ್ಳುವವರು ಇದನ್ನು ಕೇಳಿ ಹಾಕಿಸಿಕೊಳ್ಳುವುದು ಲೇಸು.

ಹಗ್ಗವೋ ಸರಪಳಿಯೋ?

ಜೋಳದ ಹೊಲದಲ್ಲಿ ಹಕ್ಕಿ ಕಾಯುವ ಕವಣೆ ಎಲ್ಲರಿಗೂ ಗೊತ್ತು. ಬಿಗಿದ ಹಗ್ಗ ಹರಿದರೆ ಅದರ ತುದಿಯೂ ಆ ತುದಿಗೆ ಕಟ್ಟಿದ ಹುಕ್ಕೂ ಕವಣೆಯ ಕಲ್ಲಿನಂತೆ ಹಾರಿಬರುತ್ತವೆ. ನೈಲಾನ್ ಹಗ್ಗ ಬಹಳ ಹಿಗ್ಗುವುದರಿಂದ ಅದರಲ್ಲಿ ಈ ಶಕ್ತಿ ಹೆಚ್ಚಾಗಿ ಕೂಡಿರುತ್ತದೆ. ಉಕ್ಕಿನ ತಂತಿ ಹಗ್ಗ ಕಡಿಮೆ ಹಿಗ್ಗಿದರೂ ಹರಿದಾಗ ಚಾಟಿಯಂತೆ ಬೀಸುತ್ತದೆ. ಸರಪಳಿ ಹಿಗ್ಗುವುದಿಲ್ಲ, ಜರ್ಕಿಗೆ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಆದ್ದರಿಂದ ಯಾವುದನ್ನು ಬಳಸಿದರೂ ಈ ಎಚ್ಚರಿಕೆಗಳು ಬೇಕು:

ಹಗ್ಗ ತಾಳುವ ಗರಿಷ್ಠ ಭಾರದ ಐದನೆಯ ಒಂದು ಪಾಲಿಗಿಂತ ಹೆಚ್ಚು ಸೆಳೆತ ಕೊಡಬಾರದು. ಗಂಟು ಹಾಕಿದ ಹಗ್ಗದ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹರಿದ ಹಗ್ಗಕ್ಕೆ ಗಂಟು ಹಾಕಿ ಮತ್ತೆ ಬಳಸಬಾರದು. ಸರಪಳಿಯ ಕೊಂಡಿಗಳನ್ನು ಬೋಲ್ಟು ಹಾಕಿ ಜೋಡಿಸಬಾರದು. ಎಳೆಯುವಾಗ ಹಗ್ಗದ ನಡುವೆ ನೀರಿನಲ್ಲಿ ನೆನೆಸಿದ ಎರಡು ಗೋಣಿ ತಟ್ಟುಗಳನ್ನು ಹೊದಿಸಿದರೆ, ಹರಿದಾಗ ಅದು ಹಾರುವುದು ತಗ್ಗುತ್ತದೆ. ಹಗ್ಗದ ಉದ್ದದ ಒಂದೂವರೆ ಪಟ್ಟಿಗಿಂತ ದೂರಕ್ಕೆ ಎಲ್ಲರನ್ನೂ ಕಳಿಸಬೇಕು. ಟ್ರ್ಯಾಕ್ಟರು ಹೂತರೆ ಮೊದಲು ಓಡಿಬರುವವರು ಮಕ್ಕಳು. ಅವರನ್ನು ದೂರವಿಡಲೆಂದೇ ಒಬ್ಬ ಹಿರಿಯರನ್ನು ನೇಮಿಸಿರಿ.

ಹೊರಗೆಳೆಯುವ ಕ್ರಮ

1. ಗಾಲಿ ನಿಂತಲ್ಲಿಯೇ ತಿರುಗಲು ಆರಂಭಿಸಿದ ಕೂಡಲೇ ನಿಲ್ಲಿಸಿರಿ. ಅಚ್ಚು ಮುಳುಗುವ ಮೊದಲು ನಿಲ್ಲಿಸಿದರೆ ಅರ್ಧ ಕೆಲಸ ಉಳಿಯಿತು.

2. ಎರಡು ಟ್ರೇಲರುಗಳಿದ್ದರೆ ಬಿಡಿಸಿರಿ. ಟ್ರ್ಯಾಕ್ಟರನ್ನು ಪ್ರತ್ಯೇಕವಾಗಿ ಗಟ್ಟಿ ನೆಲಕ್ಕೆ ತನ್ನಿರಿ. ಪಿನ್ನು ತೆಗೆಯುವಾಗ ಟ್ರೇಲರಿನ ಮೂತಿಗೆ ಆನಿಕೆ ಕೊಟ್ಟಿರಬೇಕು, ನಡುವೆ ಯಾರೂ ನಿಂತಿರಬಾರದು.

3. ಹೇರನ್ನು ಇಳಿಸಿರಿ. ಆರೆಂಟು ಆಳುಗಳಿಗೆ ಇದು ಒಂದೆರಡು ತಾಸಿನ ಕೆಲಸ. ಕಡಿದ ಕಬ್ಬು 24 ತಾಸಿನೊಳಗೆ ಕಾರ್ಖಾನೆ ಮುಟ್ಟಬೇಕೆಂಬ ಅವಸರ ಇದ್ದೇ ಇರುತ್ತದೆ. ಆದರೆ ಎರಡು ತಾಸಿನಿಂದ ಕಬ್ಬಿನ ತೂಕ ಕೆಡುವುದಿಲ್ಲ. ಹಗ್ಗ ಹರಿದು, ಹುಕ್ಕು ಮುರಿದು ಕಳೆಯುವ ಹೊತ್ತು ಇದಕ್ಕಿಂತ ಹೆಚ್ಚು.

4. ಪ್ರತಿ ಗಾಲಿಯ ಮುಂದೆ ಒಂದೂವರೆ ಮೀಟರು ಉದ್ದಕ್ಕೆ ಸಲಿಕೆಯಿಂದ ಇಳಿಜಾರು ಕಡಿಯಿರಿ. ಅಚ್ಚಿಗೆ ತಗಲುವ ಮಣ್ಣನ್ನೂ ತೆಗೆಯಿರಿ.

5. ಅಗಲ ಹಲಿಗೆಯ ಮೇಲೆ ಜಾಕ್ ಇಟ್ಟು ಗಾಲಿ ಎತ್ತಿ, ಕೆಳಗೆ ತೊಗರಿ ಕಟ್ಟಿಗೆಯ ಹೊರೆ, ಕಬ್ಬಿನ ರವದಿ ಅಥವಾ ಗರಸು ತುಂಬಿರಿ. ಜಾಕಿನ ಮೇಲೆ ನಿಂತ ಟ್ರೇಲರಿನ ಕೆಳಗೆ ಕೈ ತಲೆ ಹಾಕಬಾರದು.

6. ಎಳೆಯುವ ಟ್ರ್ಯಾಕ್ಟರು ಹಸಿ ಹೊಲದಲ್ಲಿ ನಿಲ್ಲಬಾರದು. ಹಗ್ಗ ಉದ್ದವಾಗಿರಲಿ, ಟ್ರ್ಯಾಕ್ಟರು ಬಂಡಿ ದಾರಿಯ ಮೇಲೋ ಗರಸಿನ ಮೇಲೋ ನಿಲ್ಲಲಿ. ಸಾಧ್ಯವಾದಷ್ಟೂ ಟ್ರೇಲರು ಬಂದ ಗಾಡಿಜಾಡಿನಲ್ಲಿಯೇ ನೇರವಾಗಿ ಎಳೆಯಿರಿ.

7. ಹಗ್ಗವನ್ನು ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಅಚ್ಚಿಗಿಂತ ಕೆಳಗಿರುವ ಡ್ರಾಬಾರಿಗೆ ಮಾತ್ರ ಕಟ್ಟಿರಿ. ಮೇಲಿನ ಲಿಂಕಿಗೆ, ಅಚ್ಚಿಗೆ, ಸೀಟಿನ ಕೆಳಗಿನ ಭಾಗಕ್ಕೆ ಎಂದೂ ಕಟ್ಟಬಾರದು.

8. ಒಬ್ಬನೇ ಸನ್ನೆ ಮಾಡಲಿ, ಚಾಲಕ ಅವನೊಬ್ಬನನ್ನೇ ನೋಡಲಿ. ಕೆಳಗಿನ ಗೇರಿನಲ್ಲಿ ಮೆಲ್ಲಗೆ ಹೊರಟು ಮೊದಲು ಹಗ್ಗವನ್ನು ಬಿಗಿ ಮಾಡಿ, ಆಮೇಲೆ ಒಂದೇ ಸಮನಾಗಿ ಎಳೆಯಬೇಕು. ಗಾಲಿ ತಿರುಗಿದರೆ ಅಥವಾ ಮುಂಭಾಗ ಹಗುರವಾದರೆ ಕ್ಲಚ್ ತುಳಿದು ನಿಲ್ಲಿಸಿ, ಇನ್ನಷ್ಟು ಮಣ್ಣು ತೆಗೆಯಬೇಕು.

ಟ್ರ್ಯಾಕ್ಟರೇ ಹೂತರೆ ಏನು ಮಾಡಬೇಕು?

ಮುಂದಕ್ಕೆ ಓಡಿಸಿ ಹೊರಬರಲು ಯತ್ನಿಸುವ ಮೊದಲು ಹಿಂದಕ್ಕೆ ತೆಗೆದು ನೋಡಿರಿ. ಹಿಂದಕ್ಕೆ ಬರುವಾಗ ಎಂಜಿನ್ನಿನ ಬಲ ಮುಂಭಾಗವನ್ನು ಎತ್ತುವುದಿಲ್ಲ, ಬಂದ ಜಾಡೂ ಗಟ್ಟಿಯಾಗಿರುತ್ತದೆ. ಒಂದೇ ಗಾಲಿ ತಿರುಗುತ್ತಿದ್ದರೆ ಟ್ರ್ಯಾಕ್ಟರನ್ನು ನಿಲ್ಲಿಸಿ ಡಿಫರೆನ್ಷಿಯಲ್ ಲಾಕ್ ಹಾಕಿ ನೇರವಾಗಿ ಹೊರಡಬೇಕು, ಅದು ಬಿಟ್ಟುಕೊಳ್ಳುವವರೆಗೆ ತಿರುವಬಾರದು. ಹಿಂದಿನ ಗಾಲಿಗಳಿಗೆ ಅಡ್ಡಲಾಗಿ ಮರದ ತುಂಡನ್ನು ಸರಪಳಿಯಿಂದ ಕಟ್ಟಿ ಮುಂದಕ್ಕೆ ಓಡಿಸುವ ಪದ್ಧತಿಯನ್ನು ಪೂರ್ತಿ ಬಿಡಬೇಕು. ಮರ ನೆಲಕ್ಕೆ ಸಿಕ್ಕಿದರೆ ಗಾಲಿ ತಿರುಗಲಾರದು, ಟ್ರ್ಯಾಕ್ಟರು ಹಿಂದಕ್ಕೆ ಮಗುಚುತ್ತದೆ.

ರಸ್ತೆಯ ಮೇಲೆ ಎಳೆದೊಯ್ಯುವಾಗ

ಕೆಟ್ಟುನಿಂತ ಜೀಪು, ಟೆಂಪೊ, ಇನ್ನೊಂದು ಟ್ರ್ಯಾಕ್ಟರುಗಳನ್ನು ಗ್ಯಾರೇಜಿಗೆ ಎಳೆದೊಯ್ಯುವುದೂ ರೈತರ ಪಾಲಿಗೆ ಬರುವ ಕೆಲಸ. 1989ರ ರಸ್ತೆ ನಿಯಮಗಳಲ್ಲಿ ಇದಕ್ಕೆ ಸ್ಪಷ್ಟ ಕಟ್ಟಳೆಗಳಿದ್ದವು. ಎಳೆಸಿಕೊಳ್ಳುವ ವಾಹನದಲ್ಲಿ ಲೈಸೆನ್ಸ್ ಇರುವವರು ಕುಳಿತಿರಬೇಕು, ಎರಡು ವಾಹನಗಳ ನಡುವಿನ ಅಂತರ 5 ಮೀಟರು ಮೀರಬಾರದು, ವೇಗ ಗಂಟೆಗೆ 24 ಕಿ.ಮೀ. ದಾಟಬಾರದು, ಎಳೆದೊಯ್ಯಲಾಗುತ್ತಿದೆ ಎಂಬ ಫಲಕ ಹಿಂದೆ ಇರಬೇಕು ಎಂದಿತ್ತು. ಆ ನಿಯಮಗಳ ಸ್ಥಾನದಲ್ಲಿ 2017ರಲ್ಲಿ ಹೊಸ ನಿಯಮಗಳು ಬಂದಿದ್ದರೂ ಈ ನಾಲ್ಕು ಎಚ್ಚರಿಕೆಗಳನ್ನು ಪಾಲಿಸಿದವರಿಗೆ ನಷ್ಟವಿಲ್ಲ. ಎಂಜಿನ್ ನಿಂತ ವಾಹನದಲ್ಲಿ ಬ್ರೇಕು ಮತ್ತು ಸ್ಟೇರಿಂಗು ಬಿಗಿಯಾಗುವುದುಂಟು. ಅದರ ಚಾಲಕನಿಗೆ ಇದನ್ನು ಮೊದಲೇ ತಿಳಿಸಬೇಕು.

ತುಂಬಿದ ಟ್ರೇಲರಿನೊಡನೆ ರಸ್ತೆಗೆ ಇಳಿಯುವ ಮೊದಲು ಟ್ರ್ಯಾಕ್ಟರಿನ ಎಡ ಬಲ ಬ್ರೇಕಿನ ಪೆಡಲುಗಳನ್ನು ಕೂಡಿಸಿ ಚಿಲಕ ಹಾಕಿರಿ. ಹುಕ್ಕಿನ ಪಿನ್ನಿಗೆ ಬೀಗದ ಕ್ಲಿಪ್ಪು, ಜೊತೆಗೆ ಒಂದು ರಕ್ಷಣಾ ಸರಪಳಿ ಇರಲಿ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬಾರದು. ಬ್ರೇಕಿಲ್ಲದ ಟ್ರೇಲರು ಹಿಂದಿನಿಂದ ದೂಡಿ ಟ್ರ್ಯಾಕ್ಟರನ್ನೇ ಅಡ್ಡ ತಿರುಗಿಸುತ್ತದೆ. ಟ್ರೇಲರಿನ ಹಿಂದೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಿರಿ. ರಾತ್ರಿ ಕೆಟ್ಟುನಿಂತ ಟ್ರೇಲರನ್ನು ದೀಪವಿಲ್ಲದೆ ರಸ್ತೆಯ ಮೇಲೆ ಬಿಟ್ಟುಹೋದರೆ ಹಿಂದೆ ಬರುವ ಮೋಟಾರ್ ಸೈಕಲ್ಲಿನವನಿಗೆ ಅದು ಕಾಣುವುದೇ ಇಲ್ಲ.

ಹೂಳದಂತೆ ನೋಡಿಕೊಳ್ಳುವುದು

ಹೊಲಕ್ಕೆ ಗಾಡಿ ಇಳಿಸುವ ಮೊದಲು ನಡೆದು ನೋಡಿರಿ. ಹಿಮ್ಮಡಿ ಹೂಳುವ ನೆಲ ಟ್ರೇಲರನ್ನು ಹೊರಲಾರದು. ಮಳೆ ಬಿದ್ದಿದ್ದರೆ ತುಂಬು ಟ್ರೇಲರಿನ ಬದಲು ಅರ್ಧ ಹೇರನ್ನು ರಸ್ತೆಯ ಅಂಚಿಗೆ ತಂದು ಅಲ್ಲಿ ಪೂರ್ತಿ ತುಂಬಿಸಿರಿ. ಟೈರಿನ ಗಾಳಿಯನ್ನು ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹೊಲದ ಕೆಲಸಕ್ಕೆ ಹೇಳಿದಷ್ಟಕ್ಕೆ ಇಳಿಸಿದರೆ ಹಿಡಿತ ಹೆಚ್ಚುತ್ತದೆ, ರಸ್ತೆಗೆ ಬರುವಾಗ ಮತ್ತೆ ತುಂಬಿಸಬೇಕು. ಹೊಲದ ಬಾಯಿಗೂ ಹಳ್ಳ ದಾಟುವಲ್ಲಿಯೂ ಬೇಸಿಗೆಯಲ್ಲಿ ನಾಲ್ಕೈದು ಟ್ರೇಲರು ಗರಸು ಹಾಕಿಸುವುದು ಅಕ್ಕಪಕ್ಕದ ರೈತರು ಕೂಡಿ ಮಾಡಬಹುದಾದ ಕೆಲಸ.

ಹಾಗೆಯೇ ಪ್ರತಿ ಊರಿನಲ್ಲಿ ಒಂದು ಗಟ್ಟಿಯಾದ ಉದ್ದ ಹಗ್ಗ, ಎರಡು ಕೊಂಡಿ, ನಾಲ್ಕು ದಪ್ಪ ಹಲಿಗೆ, ಒಂದು ಜಾಕ್, ಎರಡು ಸಲಿಕೆ, ನಾಲ್ಕು ಗೋಣಿ ತಟ್ಟುಗಳನ್ನು ಒಂದೆಡೆ ಇಟ್ಟರೆ ಎಲ್ಲರಿಗೂ ಒದಗುತ್ತದೆ. ಗ್ರಾಮ ಮಟ್ಟದ ಕಾರ್ಯಕರ್ತರು ನುರಿಸುವ ಹಂಗಾಮಿಗೆ ಮುಂಚೆ ಟ್ರ್ಯಾಕ್ಟರು ಚಾಲಕರನ್ನು ಕೂಡಿಸಿ, ಹಗ್ಗವನ್ನು ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂಬುದನ್ನು ಒಂದು ಟ್ರ್ಯಾಕ್ಟರಿನ ಮೇಲೆಯೇ ಕೈಯಿಟ್ಟು ತೋರಿಸಬೇಕು. ಈ ಕಾಲು ತಾಸಿನ ಪಾಠ ಹತ್ತು ಭಾಷಣಗಳಿಗಿಂತ ಹೆಚ್ಚು ಉಪಯುಕ್ತ. ಇಳಿಸಿದ ಕಬ್ಬನ್ನು ಮತ್ತೆ ಹೇರಬಹುದು, ಮುರಿದ ಹುಕ್ಕನ್ನು ಬೆಸೆಯಬಹುದು. ಚಾಲಕನ ಸೀಟಿನಲ್ಲಿ ಕುಳಿತವನು ಸಂಜೆ ಮನೆಗೆ ಮರಳಬೇಕಾದರೆ ಮೊದಲು ಹೇರು ಇಳಿಯಬೇಕು, ಆಮೇಲೆ ಹಗ್ಗ ಬಿಗಿಯಬೇಕು.